ಗಾಜಿನ ಇನ್ನೊಂದು ತುದಿ

ಬೇಕರಿಯ ಷೋಕೇಸಿಗೆ ಹೋಗಬೇಕಾದ ಗಾಜು ಗೋಡೆಗೆ ಒರಗಿ ಸಿದ್ಧವಾಗಿ ನಿಂತಿತ್ತು. ಗಾಜಿನಕ್ಕ ತಲೆಗೆ ಬಟ್ಟೆ ಕಟ್ಟಿ, ಹಳೆಯ ಬೂಟಿನ ದಾರ ಬಿಗಿದು, ಇವತ್ತಾದರೂ ಬೇಡ ಅನ್ನಲಿಕ್ಕಿಲ್ಲ ಎಂದು ತನ್ನ ತುದಿಗೆ ಹೋಗಿ ಬಗ್ಗಿ ಕೆಳಗಿನ ಅಂಚಿಗೆ ಕೈ ಕೊಟ್ಟಿದ್ದಳು. ಅಷ್ಟರಲ್ಲಿ ಗಂಡ ಕಟರನ್ನು ಡಬ್ಬಿಗೆ ಹಾಕುತ್ತ, ಅವಳ ಕಡೆ ನೋಡದೆ, "ಇವತ್ತೂ ನೀನು ಅಂಗಡಿ ನೋಡ್ಕೋ. ಕಂಬ ಬರ್ತಾನೆ" ಅಂದ.

ಬಗ್ಗಿದವಳು ಬಗ್ಗಿದ ಹಾಗೇ ಒಂದು ಕ್ಷಣ ಇದ್ದಳು. ಆಮೇಲೆ ಎದ್ದು, ಬ್ರಷ್ಷು ತೆಗೆದುಕೊಂಡು, ಗಾಜು ಕತ್ತರಿಸುವ ಮೇಜನ್ನು ಗುಡಿಸತೊಡಗಿದಳು. ಮೇಜನ್ನು ಆಗಲೇ ಗುಡಿಸಿ ಆಗಿತ್ತು.

ಕಂಬ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಬೀದಿಯ ಮೂಲೆಯಲ್ಲಿ ಸಾಮಾನು ಹೊರಲು ನಿಲ್ಲುವವರಲ್ಲಿ ಎಲ್ಲರಿಗಿಂತ ಉದ್ದದವನು, ಎಲ್ಲರಿಗಿಂತ ಕಡಿಮೆ ಮಾತಿನವನು. ಹೆಸರು ಹಾಗೇ ಬಂದಿತ್ತು. ಗಾಜಿನಕ್ಕನನ್ನು ನೋಡಿ "ಅಕ್ಕಾ" ಅಂದು, ಅವಳು ಬಿಟ್ಟ ತುದಿಯನ್ನು ಹಿಡಿದ. ಗಂಡ ಈಚಿನ ರೂಢಿಯಂತೆ ದಪ್ಪ ಕೈಗವಸು ಹಾಕಿಕೊಂಡ. ಎಡ ಮಣಿಕಟ್ಟಿಗೆ ಕ್ಯಾನ್ವಾಸಿನ ಪಟ್ಟಿಯೊಂದನ್ನು ಸುತ್ತಿ, ಅದರ ಇನ್ನೊಂದು ತುದಿಯನ್ನು ಗಾಜಿನ ಕೆಳಗೆ ಹಾಯಿಸಿದ. ಇಷ್ಟು ವರ್ಷ ಕೈಗವಸು ಹಾಕುವವರನ್ನು ಕಂಡರೆ, ಕೈಗೆ ಕಣ್ಣುಪಟ್ಟಿ ಕಟ್ಟಿಕೊಂಡಿದ್ದಾರೆ ನೋಡು ಎಂದು ನಗುತ್ತಿದ್ದವನು ಅವನೇ. ಜೊತೆಗಿರುವವನು ಹೊಸಬ, ಅದಕ್ಕೇ ಇಷ್ಟೆಲ್ಲ ಬಂದೋಬಸ್ತು ಎಂದು ಗಾಜಿನಕ್ಕ ಅಂದುಕೊಂಡಳು. ತನ್ನ ಜೊತೆ ಹೊರುವಾಗ ಇದೊಂದೂ ಬೇಕಿರಲಿಲ್ಲ ಎಂಬುದೂ ಮನಸ್ಸಿಗೆ ಬಂತು.

ಇಬ್ಬರೂ ಗಾಜು ಎತ್ತಿಕೊಂಡು ಬೀದಿಗಿಳಿದರು. ಪಕ್ಕದಲ್ಲಿ ಫೋಟೋಗಳಿಗೆ ಫ್ರೇಮು ಹಾಕುವ ಅಂಗಡಿ. ಅದರ ಯಜಮಾನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವನು, "ಏನಕ್ಕಾ, ಬಡ್ತಿ ಸಿಕ್ತಾ? ಮ್ಯಾನೇಜರ್ ಆಗಿಬಿಟ್ರಲ್ಲ" ಅಂದ.

"ಹೌದಪ್ಪ. ಮೊದಲು ನಿಮ್ಮನ್ನೇ ಕೆಲಸದಿಂದ ತೆಗೀತೀನಿ."

ಅವನು ನಕ್ಕ. ಅವಳೂ ನಕ್ಕಳು. ಒಳಗೆ ಬಂದ ಮೇಲೆ ಮುಖದ ಮೇಲಿನ ನಗೆಯನ್ನು ಯಾವಾಗ ತೆಗೆಯುವುದು ಎಂದು ಗೊತ್ತಾಗದೆ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದಳು.

ಕೆಲಸ ತಪ್ಪಿತು ಎಂಬುದು ಅವಳ ಚಿಂತೆಯಲ್ಲ. ವಯಸ್ಸು ಐವತ್ತರ ಹತ್ತಿರ ಬಂದಿದೆ, ಸೊಂಟ ಆಗಾಗ ಮಾತಾಡುತ್ತದೆ, ಕೂರು ಅಂದರೆ ಕೂರುವುದಕ್ಕೆ ಅವಳಿಗೇನೂ ಬೇಸರವಿಲ್ಲ. ಆದರೆ ಅವನು ಕೂರು ಅನ್ನಲಿಲ್ಲ. ಯಾಕೆ ಎಂದೂ ಹೇಳಲಿಲ್ಲ. ಕೆಲವು ವಾರಗಳ ಹಿಂದೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಅವಳನ್ನು ಆ ತುದಿಯಿಂದ ಬಿಡಿಸಿ ಇನ್ನೊಬ್ಬನನ್ನು ನಿಲ್ಲಿಸಿದ್ದ, ಅಷ್ಟೆ. ಆ ತುದಿ ಏನು ಎಂಬುದು ಗೊತ್ತಿದ್ದವರಿಗೆ ಮಾತ್ರ ಅವಳ ಸಂಕಟ ಅರ್ಥವಾದೀತು.

ಆಳೆತ್ತರದ ಗಾಜನ್ನು ಇಕ್ಕಟ್ಟಿನ ಬೀದಿಯಲ್ಲಿ ಒಯ್ಯುವಾಗ ಇಬ್ಬರು ಎದುರುಬದುರಾಗಿ ಹಿಡಿಯುತ್ತಾರೆ. ಒಬ್ಬರು ಮುಂದಕ್ಕೆ ನಡೆಯುತ್ತಾರೆ, ಇನ್ನೊಬ್ಬರು ಹಿಂದಕ್ಕೆ. ಮುಂದಕ್ಕೆ ನಡೆಯುವವರು ದಾರಿ ಕೂಗಬೇಕು. ಹಿಂದಕ್ಕೆ ನಡೆಯುವವರು ಕತ್ತು ತಿರುಗಿಸಕೂಡದು, ತಿರುಗಿಸಿದರೆ ಗಾಜು ವಾಲುತ್ತದೆ. ಈ ಅಂಗಡಿಯಲ್ಲಿ ಹಿಂದಕ್ಕೆ ನಡೆಯುವವನು ಯಾವಾಗಲೂ ಗಂಡ. ಗುಂಡಿ, ಮೆಟ್ಟಿಲು, ಸೈಕಲ್ಲು ಬಂತು, ಎಡಕ್ಕೆ, ಇನ್ನೂ ಎಡಕ್ಕೆ, ನಿಲ್ಲಿ. ಅವಳು ಹೇಳುತ್ತ ಹೋದಂತೆ ಅವನು "ಹ್ಞೂಂ" ಅನ್ನುತ್ತ ದಾರಿಗೆ ಬೆನ್ನು ಹಾಕಿ ನಡೆಯುತ್ತಿದ್ದ. ಕುರುಡನ ಹಾಗೆ ಅಲ್ಲ, ಮನೆಯೊಳಗೆ ಓಡಾಡುವವನ ಹಾಗೆ. ಮಾತಿಗಿಂತ ಮೊದಲೇ ಗಾಜಿನ ಮೂಲಕ ಸುದ್ದಿ ಬರುತ್ತಿತ್ತು. ಅವನ ಹೆಜ್ಜೆ ತಡವರಿಸಿದರೆ ಅವಳ ಅಂಗೈಗೆ ಗೊತ್ತಾಗುತ್ತಿತ್ತು, ಅವಳ ಉಸಿರು ಏರಿದರೆ ಅವನು ತಾನಾಗಿ ನಿಧಾನಿಸುತ್ತಿದ್ದ.

ಇದನ್ನು ಕಲಿಸಿದವರು ಮಾವ. ಮದುವೆಯಾಗಿ ಬಂದ ಹೊಸತರಲ್ಲಿ ಅಂಗಡಿಯ ಆಳು ಕೈಕೊಟ್ಟು ಹೋಗಿದ್ದ. ಮಾವನ ಮಂಡಿ ಹಿಡಿದುಕೊಂಡಿತ್ತು. ಸೊಸೆ ತಾನು ಹಿಡಿಯುತ್ತೇನೆ ಅಂದಳು. ಮಾವ ಹೇಳಿದ ಪಾಠ ಒಂದೇ. ಗಾಜು ಕೈಯಲ್ಲಿರುವಾಗ ಗಾಜಿನ ಮಾತು ಮಾತ್ರ. ಬೇರೇನಿದ್ದರೂ ಇಳಿಸಿ ಮಾತಾಡಿ.

ಪಾಠ ತಲೆಗಿಳಿದದ್ದು ಒಂದು ಬೀರುವಿನ ಕನ್ನಡಿಯ ದಿನ. ಹಿಂದಿನ ಸಂಜೆ ನಾದಿನಿ ಬಂದು, ಅತ್ತಿಗೆ ಮಾಡುವ ಚಹಾದಲ್ಲಿ ಪಾತ್ರೆ ತೊಳೆಯಬಹುದು ಎಂದು ಹೇಳಿ ಹೋಗಿದ್ದಳು, ಗಂಡ ಅದಕ್ಕೆ ನಕ್ಕಿದ್ದ. ಆ ನಗೆಯನ್ನು ರಾತ್ರಿಯೆಲ್ಲ ಹೊಟ್ಟೆಯಲ್ಲಿಟ್ಟುಕೊಂಡಿದ್ದವಳಿಗೆ ಬೀದಿಯ ನಡುವೆ, ಕನ್ನಡಿ ಕೈಯಲ್ಲಿರುವಾಗ, ತಡೆಯಲಾಗಲಿಲ್ಲ. ಅವಳು ಶುರು ಮಾಡಿದಳು, ಅವನೂ ತಿರುಗಿ ಅಂದ, ದಾರಿ ಕೂಗುವುದು ನಿಂತೇ ಹೋಯಿತು. ಹಿಂದಿನಿಂದ ಕುಂಟುತ್ತ ಬರುತ್ತಿದ್ದ ಮಾವ, ಇಳಿಸಿ ಎಂದರು. ಕನ್ನಡಿಯನ್ನು ಯಾರದೋ ಕಾಂಪೌಂಡಿಗೆ ಒರಗಿಸಿದರು. ಈಗ ಮುಗಿಸಿ, ನಾನು ಕಾಯುತ್ತೇನೆ ಎಂದು ಮಾವ ಕಟ್ಟೆಯ ಮೇಲೆ ಕೂತರು. ದಂಪತಿ ಮುಗಿಸಲು ಹೊರಟರು. ಆದರೆ ಕನ್ನಡಿ ಎದುರಿಗೇ ಇತ್ತು. ಬಾಯಿ ತೆರೆದಾಗಲೆಲ್ಲ ತಮ್ಮ ಮುಖ ತಮಗೇ ಕಾಣುತ್ತಿತ್ತು. ಅವಳು ತನ್ನ ಹುಬ್ಬು ಹೋಗಿರುವ ಎತ್ತರ ನೋಡಿ ಮೊದಲು ಸುಮ್ಮನಾದಳು. ಅವನು ಕೊನೆಗೆ, ನಾನು ನಗಬಾರದಿತ್ತು ಅಂದ.

ಅಂದಿನಿಂದ "ಇಳಿಸಿ ಮಾತಾಡೋಣ" ಎಂಬುದು ಮನೆಯ ಮಾತಾಯಿತು. ಒಲೆಯ ಮೇಲೆ ಎಣ್ಣೆ ಕಾದಿರುವಾಗ, ಮಗು ತೊಡೆಯ ಮೇಲೆ ಮಲಗಿರುವಾಗ, ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗ, ಇಬ್ಬರಲ್ಲಿ ಒಬ್ಬರು ಅದನ್ನು ಅಂದರೆ ಇನ್ನೊಬ್ಬರು ತಡೆದುಕೊಳ್ಳಬೇಕು. ಇಳಿಸುವ ಹೊತ್ತೂ ಗೊತ್ತಾಗಿತ್ತು. ಸಂಜೆ ಷಟರನ್ನು ಅರ್ಧ ಎಳೆದ ಮೇಲೆ, ಪಶ್ಚಿಮದ ಕಿಟಕಿಯಲ್ಲಿ ಇನ್ನೂ ಬಿಸಿಲಿರುವಾಗ, ಇಬ್ಬರೂ ಮೇಜಿನ ಎರಡು ಬದಿಗೆ ಕೂತು ಒಬ್ಬರ ಕೈ ಒಬ್ಬರು ನೋಡುತ್ತಿದ್ದರು. ಗಾಜಿನ ಕೆಲಸದವರ ಕೈಗೆ ಕಣ್ಣಿಗೆ ಕಾಣದ ಚೂರುಗಳು ಹೊಕ್ಕಿರುತ್ತವೆ. ಸ್ವಲ್ಪ ಹತ್ತಿಯನ್ನು ಅಂಗೈ ಮೇಲೆ ಮೆಲ್ಲಗೆ ಸವರಿದರೆ ಎಲ್ಲಿ ಚೂರಿದೆಯೋ ಅಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಭೂತಗನ್ನಡಿ, ಚಿಮಟ. ಒಂದೊಂದು ಕೈಗೂ ತಾಳ್ಮೆ ಬೇಕು. ಕೈ ಕೊಟ್ಟವನು ಎದ್ದು ಹೋಗುವಂತಿಲ್ಲ, ಹಿಡಿದವಳು ತಲೆಯೆತ್ತುವಂತಿಲ್ಲ. ಎದುರಿಗೆ ನೋಡಿ ಹೇಳಲಾಗದ ಮಾತುಗಳೆಲ್ಲ ಅಲ್ಲಿ ತಾನಾಗಿ ಹೊರಬರುತ್ತಿದ್ದವು. ಮಗಳ ಓದು, ಮಾವನ ಕೊನೆಗಾಲ, ಅವನು ಮುಚ್ಚಿಟ್ಟ ಒಂದು ನಷ್ಟ, ಅವಳಿಗೆ ಎರಡನೆಯ ಮಗು ಬೇಡವೆನಿಸಿದ್ದು, ಎಲ್ಲ ಆ ಮೇಜಿನ ಮೇಲೆಯೇ ಇತ್ಯರ್ಥವಾಗಿದ್ದವು.

ಈಚೆಗೆ ಕೆಲವು ವಾರಗಳಿಂದ ಅವನು ಕೈ ಕೊಡುತ್ತಿರಲಿಲ್ಲ. ಕೈಗವಸು ಇದೆಯಲ್ಲ, ಚೂರು ಎಲ್ಲಿಂದ ಬರುತ್ತದೆ ಅನ್ನುತ್ತಿದ್ದ. ಅವಳು ಕಂಬನ ವಿಷಯ ಎತ್ತಿದರೆ "ಇಳಿಸಿ ಮಾತಾಡೋಣ" ಅನ್ನುತ್ತಿದ್ದ, ಕೈಯಲ್ಲಿ ಏನೂ ಇಲ್ಲದಿದ್ದರೂ. ಆ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ಸುಮ್ಮನಾಗುತ್ತಿದ್ದಳು. ಸುಮ್ಮನಾಗಿ ಸಿಟ್ಟು ಬಂದ ಮೇಲೆ, ಅವನೇ ಏನಾದರೂ ಕೇಳಲು ಬಂದಾಗ ತಾನೂ ಅದನ್ನೇ ಅಂದಳು. ಹೀಗೆ ಮನೆಯನ್ನು ಇಷ್ಟು ವರ್ಷ ಕಾಪಾಡಿದ ಮಾತು ಈಗ ಎರಡೂ ಕಡೆಯಿಂದ ಅಗುಳಿ ಹಾಕಿದ ಬಾಗಿಲಾಗಿತ್ತು. ಇಬ್ಬರೂ ನಿಯಮ ಮುರಿದಿರಲಿಲ್ಲ. ಅದೇ ತೊಂದರೆ.

ಬೇಕರಿಗೆ ಹೋದವರು ಬರುವ ಮೊದಲೇ ಮಗಳು ಬಂದಳು. ಮದುವೆಯಾಗಿ ಒಂದು ವರ್ಷ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಮನೆ ಎರಡು ಬಸ್ ದೂರ. ಸ್ಟೂಲು ಎಳೆದು ಕೂತು, ರಜೆ ಹಾಕಿ ಬಂದೆ ಅಂದಳು. ಅಮ್ಮ ಕಾರಣ ಕೇಳಲಿಲ್ಲ. ಹಾಲು, ಗ್ಯಾಸು, ನೀರಿನ ಮೋಟಾರು ಎಂದು ಸುತ್ತಿ ಬಂದು ಮಗಳೇ ವಿಷಯಕ್ಕೆ ಇಳಿದಳು. ಅಳಿಯನ ಜೊತೆ ಜಗಳವೇನೂ ಇಲ್ಲವಂತೆ. ಕುಡಿಯುವುದಿಲ್ಲ, ಬೈಯುವುದಿಲ್ಲ. ಮಾತೆಂದರೆ ಗ್ಯಾಸ್ ಬಂತಾ, ಬಂತು. ಬಾಗಿಲು ಹಾಕಿದೆಯಾ, ಹಾಕಿದೆ. ಅದು ಮುಗಿದರೆ ಆ ಮನುಷ್ಯ ಫೋನಿನೊಳಗೆ ಇಳಿದುಬಿಡುತ್ತಾನೆ.

"ಒಂದು ದಿನ ನಾನೇ ಕೇಳ್ದೆ ಅಮ್ಮ, ಬಾ, ಕೂತ್ಕೊಂಡು ಮಾತಾಡೋಣ ಅಂತ. ಎದುರು ಬಂದು ಕೂತ. ಕೂತು, ಹೇಳು, ಏನ್ ತಪ್ಪು ಮಾಡಿದೀನಿ ಅಂದ."

ಗಾಜಿನಕ್ಕನಿಗೆ ನಗು ಬಂತು. ಮಾತಾಡೋಣ ಅಂತ ಕರೆದರೆ ಗಂಡಸರು ಕೋರ್ಟಿಗೆ ಕರೆದ ಹಾಗೆ ಬರುತ್ತಾರೆ ಅಂದಳು. ಕರೆಯಬಾರದು. ಇಬ್ಬರೂ ಹಿಡಿಯಲೇಬೇಕಾದ ಕೆಲಸ ಒಂದನ್ನು ದಿನಾ ಇಟ್ಟುಕೊಳ್ಳಬೇಕು, ಚಿಕ್ಕದಾದರೂ ಸರಿ. ಕೈಗೆ ಕೆಲಸ ಸಿಕ್ಕಿದರೆ ಬಾಯಿ ತಾನಾಗಿ ಸಡಿಲವಾಗುತ್ತದೆ.

"ನಮ್ಮನೇಲಿ ಗಾಜಿಲ್ವಲ್ಲ."

"ಬೆಡ್‌ಶೀಟ್ ಇದೆಯಲ್ಲ. ಒಬ್ಬರೇ ಮಡಚಿದ್ರೆ ಮೂಲೆ ಕೂಡುತ್ತಾ? ಕರೆದು ಒಂದು ತುದಿ ಕೈಗೆ ಕೊಡು. ಫೋನ್ ಎಲ್ಲಿಡ್ತಾನೆ ನೋಡೋಣ."

ಮಗಳು ಮೊದಲ ಸಲ ನಕ್ಕಳು. ಆಮೇಲೆ, ಸುಮ್ಮನೆ, ಗೋಡೆಗೆ ಒರಗಿದ್ದ ಕನ್ನಡಿಗಳನ್ನು ನೋಡುತ್ತ ಕೇಳಿದಳು. "ನೀನೂ ಅಪ್ಪಾನೂ ಈಗಲೂ ಸಂಜೆ ಕೈ ನೋಡ್ತೀರಲ್ಲ?"

"ಹ್ಞೂಂ" ಅಂದಳು ಗಾಜಿನಕ್ಕ.

ಮಗಳು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಅವಳಿಗೆ ಹೇಳಿದ ಸುಳ್ಳು ಅಂಗಡಿಯಲ್ಲೇ ಉಳಿಯಿತು. ಗಾಜಿನಕ್ಕ ಬುತ್ತಿ ಬಿಚ್ಚಿದಳು, ತಟ್ಟೆ ಇಟ್ಟಳು, ನೀರು ತುಂಬಿದಳು, ಏನು ಮಾಡಿದರೂ ಅದು ಕಾಲಿಗೆ ತೊಡರುತ್ತಿತ್ತು. ಇದ್ದ ಒಂದೇ ಬುದ್ಧಿಮಾತನ್ನು ಮಗಳಿಗೆ ಕೊಟ್ಟು ಕಳಿಸಿದ್ದಳು, ತನ್ನ ಮನೆಯಲ್ಲಿ ಅದು ಖಾಲಿಯಾಗಿತ್ತು.

ಗಂಡ ಬಂದ. ಮೊದಲನೆಯ ಗಾಜು ಕೂತಿತು, ಎರಡನೆಯದನ್ನು ಊಟವಾದ ಮೇಲೆ ಒಯ್ಯುತ್ತೇವೆ ಅಂದ. ಕಂಬ ಚಹಾ ಲೋಟ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂತ. ಗಂಡ ಕೈಗವಸು ಬಿಚ್ಚಿ, ನಲ್ಲಿಯಲ್ಲಿ ಕೈ ತೊಳೆದು, ಮೇಜಿನ ಬದಿಗೆ ಬಂದು ಊಟಕ್ಕೆ ಕೂತ. ಬಲಗೈಯಲ್ಲಿ ಉಣ್ಣುತ್ತ ಎಡಗೈಯನ್ನು ಮೇಜಿನ ಮೇಲೆ ಚಾಚಿದ್ದ. ಕಿಟಕಿಯ ಬಿಸಿಲು ಅದರ ಮೇಲೆ ಬೀಳುತ್ತಿತ್ತು.

ತೋರುಬೆರಳಿನ ತುದಿಯಲ್ಲಿ ಏನೋ ಮಿನುಗಿತು.

ಗಾಜಿನಕ್ಕ ಬಡಿಸುವುದನ್ನು ನಿಲ್ಲಿಸಿದಳು. ಕಣ್ಣಿಗೆ ಕಾಣದ ಚೂರಲ್ಲ. ಅಕ್ಕಿಕಾಳಿನಷ್ಟು ಉದ್ದದ್ದು, ನೆಟ್ಟಗೆ ನಿಂತಿತ್ತು; ಬುಡದಲ್ಲಿ ರಕ್ತದ ಸಣ್ಣ ಗೆರೆ. ಕೈಗವಸು ಹರಿದು ಒಳಗೆ ಹೋಗಿರಬೇಕು. ಅಷ್ಟು ದೊಡ್ಡದು ಚುಚ್ಚಿದರೆ ಎಂಥವನೂ ತುತ್ತು ಬಿಟ್ಟು ಏಳುತ್ತಾನೆ. ಗಂಡ ನೀರಿನ ಲೋಟವನ್ನು ಅದೇ ಬೆರಳಿನಿಂದ ಪಕ್ಕಕ್ಕೆ ತಳ್ಳಿದ. ಚೂರು ಇನ್ನಷ್ಟು ಒಳಗೆ ಹೋಯಿತು. ಅವನು ಉಣ್ಣುತ್ತಲೇ ಇದ್ದ.

ಅವಳು ಹೋಗಿ ಚಿಮಟ, ಹತ್ತಿ, ಭೂತಗನ್ನಡಿ ತಂದು ತಟ್ಟೆಯ ಪಕ್ಕದಲ್ಲಿಟ್ಟಳು.

"ರೀ, ಎಡಗೈ ಕೊಡಿ."

"ಊಟ ಮಾಡ್ತಿದೀನಲ್ಲೇ. ಆಮೇಲೆ ಇಳಿಸಿ ಮಾತಾ..."

"ನಿಮ್ಮ ಬೆರಳು ನೋಡ್ಕೊಳ್ಳಿ."

ಅವನು ನೋಡಿಕೊಂಡ. ತನ್ನ ಬೆರಳಿನಲ್ಲಿದ್ದ ಗಾಜನ್ನು ಅವನು ನೋಡಿದ್ದು ಪಕ್ಕದ ಮನೆಯವನ ಬೆರಳನ್ನು ನೋಡಿದ ಹಾಗಿತ್ತು. ಆಮೇಲೆ ಬಾಯಲ್ಲಿದ್ದ ತುತ್ತನ್ನು ನಿಧಾನಕ್ಕೆ ನುಂಗಿ, ಕೈಯನ್ನು ಅವಳ ಮುಂದೆ ಸರಿಸಿದ.

ಚೂರು ತೆಗೆದಳು. ಅವನು ಮುಖ ಕಿವಿಚಲಿಲ್ಲ. ಹತ್ತಿ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ, ಕಣ್ಣು ಮುಚ್ಚಿ, ನಾನು ಮುಟ್ಟಿದ ಬೆರಳು ಯಾವುದು ಅಂತ ಹೇಳಿ ಅಂದಳು. ಅವನು ಕಣ್ಣು ಮುಚ್ಚಿದ. ಅವಳು ಗುರುತು ಹಾಕುವ ಪೆನ್ಸಿಲಿನ ಮೊನೆಯಿಂದ ಹೆಬ್ಬೆರಳನ್ನು ಮುಟ್ಟಿದಳು, ತೋರುಬೆರಳನ್ನು ಮುಟ್ಟಿದಳು, ಮಧ್ಯದ ಬೆರಳನ್ನು ಮುಟ್ಟಿ ಒತ್ತಿದಳು.

"ಹ್ಞೂಂ, ಶುರು ಮಾಡು" ಅಂದ ಅವನು.

ಅವಳ ಕೈಯಿಂದ ಪೆನ್ಸಿಲು ಜಾರಿ ಮೇಜಿನ ಮೇಲೆ ಉರುಳಿತು. ಆ ಸದ್ದಿಗೆ ಅವನು ಕಣ್ಣು ತೆರೆದ. ಅವಳ ಮುಖ ನೋಡಿದ ಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ.

ಚಳಿಗಾಲದಿಂದ ಹೀಗಿದೆಯಂತೆ. ಮೊದಲು ಜೋಮು, ಬೆಳಗ್ಗೆ ಕೊಡವಿದರೆ ಹೋಗುತ್ತಿತ್ತು, ಆಮೇಲೆ ಹೋಗಲಿಲ್ಲ. ಅಂಗಿತೋಳಿನ ಗುಂಡಿ ಹಾಕಲಾಗದೆ ತೋಳು ಮಡಚಿಕೊಳ್ಳುವುದು ರೂಢಿಯಾಯಿತು. ಅದನ್ನು ಅವಳು ಸೆಕೆಗೆ ಎಂದುಕೊಂಡಿದ್ದಳು. ಒಂದು ದಿನ ದವಾಖಾನೆಯೊಂದರ ಕಿಟಕಿಗೆ ಗಾಜು ಒಯ್ಯುವಾಗ ಅವನ ತುದಿ ಜಾರಿತ್ತು. ಮಂಡಿ ಕೊಟ್ಟು ತಡೆದ. ಆ ಅಲುಗಾಟ ಅವಳ ಅಂಗೈಗೂ ಬಂದಿತ್ತು, ಮೆಟ್ಟಿಲಿನದು ಎಂದುಕೊಂಡು ಬಿಟ್ಟಿದ್ದಳು.

"ಬಿದ್ದಿದ್ರೆ ನಿನ್ನ ಕಡೆ ಬೀಳ್ತಿತ್ತು. ನಿನ್ನ ಕತ್ತಿನ ಮಟ್ಟಕ್ಕೆ ಇತ್ತು ಅಂಚು."

"ಅದಕ್ಕೆ ಕಂಬನ್ನ ಕರೆದ್ರಿ."

"ಅದಕ್ಕೇ."

"ಕಂಬನ ಕಡೆ ಬಿದ್ರೆ ಪರವಾಗಿಲ್ವಾ?"

ಅಷ್ಟು ದಿನ ಅವನು ಆ ಪ್ರಶ್ನೆಯನ್ನು ತನಗೆ ಕೇಳಿಕೊಳ್ಳದೆ ಇದ್ದ ಎಂಬುದು ಅವನ ತಗ್ಗಿದ ತಲೆಯಲ್ಲೇ ಕಾಣುತ್ತಿತ್ತು. ಪಟ್ಟಿ ಕಟ್ಟಿದ್ದೀನಲ್ಲ ಎಂದು ಮೆಲ್ಲಗೆ ಗೊಣಗಿದ. ಗಾಜಿನಕ್ಕ ಎದ್ದು ಬಾಗಿಲಿಗೆ ಹೋಗಿ ಕಂಬನನ್ನು ಒಳಗೆ ಕರೆದಳು. ಅವನು ಲೋಟದ ಸಮೇತ ಬಂದು ನಿಂತ. ಹೇಳಿ ಎಂದು ಗಂಡನ ಕಡೆ ನೋಡಿದಳು. ಗಂಡ ಹೇಳಿದ; ಎಡಗೈಗೆ ಸ್ಪರ್ಶವಿಲ್ಲ, ನಿನಗೆ ಮೊದಲೇ ಹೇಳಬೇಕಿತ್ತು, ತಪ್ಪಾಯಿತು.

ಕಂಬ ಲೋಟ ಕೆಳಗಿಟ್ಟ. "ಗೊತ್ತಿತ್ತಣ್ಣ. ಮೊದಲನೇ ದಿನಾನೇ ಭಾರ ಎಲ್ಲ ನನ್ನ ಕಡೆ ಬಂತು. ಹುಷಾರಾಗೇ ಹಿಡೀತಿದ್ದೆ. ನೀವೇ ಹೇಳ್ತೀರಿ ಅಂತ ಇದ್ದೆ."

ಅವನಿಂದ ಒಂದೇ ಸಲಕ್ಕೆ ಇಷ್ಟು ಮಾತು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಹೇಳಿ, ಅವನು ಮತ್ತೆ ಕಟ್ಟೆಗೆ ಹೋದ.

ಗಾಜಿನಕ್ಕ ಕೂತಳು. ಹೊರಗಿನವನಿಗೆ ಒಂದೇ ದಿನದಲ್ಲಿ ಗಾಜು ಹೇಳಿತ್ತು. ಆ ದವಾಖಾನೆಯ ದಿನದ ಮೇಲೂ ತಾನೇ ಹಿಡಿದಿದ್ದರೆ ಅಂಗಡಿಯ ಹೊಸ್ತಿಲು ದಾಟುವುದರೊಳಗೆ ಹೇಳುತ್ತಿತ್ತು. ಈಗ ಅವಳಿಗೆ ಇಡೀ ಚಿತ್ರ ಕಂಡಿತು. ಅವಳ ಕತ್ತಿನ ಚಿಂತೆ ನಿಜವೇ ಇರಬಹುದು, ಅದು ಅರ್ಧ. ಇನ್ನರ್ಧ, ಅವಳಿಗೆ ತಿಳಿಯಬಾರದು ಎಂದೇ ಅವಳನ್ನು ಬಿಡಿಸಿದ್ದ. ಅದನ್ನೇ ಅವನ ಮುಂದಿಟ್ಟಳು.

"ಹೌದು" ಅಂದ. "ನಿಂಗೆ ಗೊತ್ತಾದ್ರೆ ಡಾಕ್ಟ್ರು ಅಂತೀಯ. ಡಾಕ್ಟ್ರು ಗಾಜು ಬಿಡು ಅಂತಾನೆ. ನಂಗೆ ಬೇರೆ ಏನು ಬರುತ್ತೆ ಹೇಳು."

ಅವಳಿಗೆ ಬಂದ ಸಿಟ್ಟು ಚಿಕ್ಕದಲ್ಲ. ತನ್ನನ್ನು ಮುದುಕಿ ಎಂದು ಸರಿಸಿದ್ದೀರಿ ಅಂದುಕೊಂಡು ಎಷ್ಟು ದಿನ ಕನ್ನಡಿಯಲ್ಲಿ ಮುಖ ನೋಡಿಕೊಂಡೆ ಗೊತ್ತಾ ಎಂದು ಕೇಳಿದಳು. ಫ್ರೇಮಿನವನು ಆಡಿಕೊಂಡಿದ್ದನ್ನು ಹೇಳಿದಳು. ಮಗಳು ಬಂದದ್ದು, ಕೈ ನೋಡುತ್ತೀರಾ ಎಂದು ಕೇಳಿದ್ದು, ತಾನು ಹೌದು ಎಂದು ಸುಳ್ಳು ಹೇಳಿದ್ದು ಎಲ್ಲ ಹೇಳಿದಳು. ನಡುವೆ ಅವನು ರೂಢಿಯಂತೆ "ಇಳಿಸಿ" ಎಂದು ಶುರು ಮಾಡಿದ. ಯಾವ ಕೈಯಲ್ಲಿ ಏನಿದೆ ತೋರಿಸಿ ಎಂದು ಕೇಳಿದಳು. ಅವನ ಬಲಗೈಯಲ್ಲಿ ಒಣಗಿದ ಅನ್ನ ಮೆತ್ತಿತ್ತು, ಎಡಗೈ ಅವಳ ಹಿಡಿತದಲ್ಲೇ ಇತ್ತು. ಇಬ್ಬರೂ ಅದನ್ನು ನೋಡಿದರು. ಅವಳ ದನಿ ತಗ್ಗಿತು. ನಾನೂ ಆ ಮಾತನ್ನು ನಿಮ್ಮ ಬಾಯಿ ಮುಚ್ಚಿಸಲು ಆಡಿದ್ದೇನೆ, ಅದು ನನ್ನದೂ ತಪ್ಪು ಅಂದಳು.

ಹೊಸ ಕರಾರು ಅಲ್ಲೇ ಆಯಿತು. ಇನ್ನು ಇಳಿಸಿ ಮಾತಾಡೋಣ ಎಂದವರು ಅದೇ ದಿನ ಸಂಜೆ ತಾವೇ ಮೊದಲು ಬಾಯಿ ಬಿಡಬೇಕು. ಇನ್ನೊಬ್ಬರು ಕೇಳುವ ತನಕ ಕಾಯುವಂತಿಲ್ಲ. ಅವನು ಒಪ್ಪಿದ. ಒಪ್ಪಿ, ಡಾಕ್ಟರು ಕತ್ತರಿ ಹಿಡಿದರೆ ನಾನು ಎದ್ದು ಬರುತ್ತೇನೆ ಅಂದ. ಬನ್ನಿ, ಬಾಗಿಲಲ್ಲಿ ಕಂಬ ಇರುತ್ತಾನೆ ಅಂದಳು.

ಆ ಮಧ್ಯಾಹ್ನ ಎರಡನೆಯ ಗಾಜು ಹೋಗಲಿಲ್ಲ. ಬೇಕರಿಗೆ ಫೋನು ಮಾಡಿ, ನಾಳೆ ಎಂದು ಹೇಳಿದರು. ಸಂಜೆ ಷಟರು ಅರ್ಧ ಇಳಿದ ಮೇಲೆ ಅವಳು ಅವನ ಎಡಗೈಯನ್ನು ಬಿಸಿಲಿಗೆ ಹಿಡಿದು ಹತ್ತಿ ಸವರಿದಳು. ಎಳೆ ಅಲ್ಲಲ್ಲಿ ಸಿಕ್ಕಿಕೊಂಡಿತು. ಅವನಿಗೆ ತಿಳಿಯದೆ ಕೂತಿದ್ದ ಹಳೆಯ ಚೂರುಗಳು. ಕೆಲವು ಆಗಲೇ ಕೀವು ಕಟ್ಟಿದ್ದವು. ಒಂದೊಂದನ್ನೂ ತೆಗೆಯುವಾಗ ಅವಳು ಯಾವ ಬೆರಳು ಎಂದು ಹೇಳುತ್ತಿದ್ದಳು. ಅವನು "ಹ್ಞೂಂ" ಅನ್ನುತ್ತಿದ್ದ. ಬೆಳಕು ಹೋಗುವ ತನಕ ಅದು ಮುಗಿಯಲಿಲ್ಲ. ಅಷ್ಟು ಹೊತ್ತೂ ಅವನು, ಗಾಜು ಬಿಡಬೇಕಾಗಿ ಬಂದರೆ ಏನು ಮಾಡುವುದು ಎಂದು ಒಬ್ಬನೇ ಯೋಚಿಸಿದ್ದನ್ನೆಲ್ಲ ಹೇಳಿದ. ಅರ್ಧದಷ್ಟು ಯೋಚನೆಗಳು ಕೆಲಸಕ್ಕೆ ಬಾರದವು ಎಂದು ಅವಳು ತಲೆಯೆತ್ತದೆ ಹೇಳಿದಳು.

ನಾಳೆ ಬೆಳಗ್ಗೆ ಅಂಗಡಿ ಮುಚ್ಚಿರುತ್ತದೆ. ಇಬ್ಬರೂ ನರದ ಡಾಕ್ಟರ ಬಳಿ ಹೋಗುತ್ತಾರೆ. ಮಧ್ಯಾಹ್ನ ಬೇಕರಿಯ ಎರಡನೆಯ ಗಾಜು ಹೊರಡುತ್ತದೆ. ಕಂಬ ಹಿಂದಕ್ಕೆ ನಡೆಯುತ್ತಾನೆ, ಗಾಜಿನಕ್ಕ ತನ್ನ ತುದಿ ಹಿಡಿದು ದಾರಿ ಕೂಗುತ್ತಾಳೆ. ಗಂಡ ಬರಿಗೈಯಲ್ಲಿ ಮುಂದೆ ಹೋಗಿ, ಬೀದಿಯಲ್ಲಿ ನಿಲ್ಲಿಸಿರುವ ಸೈಕಲ್ಲುಗಳನ್ನು ಸರಿಸುತ್ತಾನೆ.